ಮಾಗಿಯ ಚಳಿಯೂ ಮೋಟಾರು ಸೈಕಲ್ಲೂ

೧

ಚರಿತ್ರೆಯೆಂದರೆ ರಾಜರ ವಂಶಾವಳಿ, ಯುದ್ಧಗಳು, ದಾನಶಾಸನಗಳು ಇವುಗಳ ವೃತ್ತಾಂತವೆಂದು ಭಾವಿಸುವುದು ವಾಡಿಕೆ. ಈ ಭಾವನೆಗೆ ಕಾರಣವಿಲ್ಲದಿಲ್ಲ. ಕಲ್ಲಿನ ಮೇಲೆ ಕಂಡರಿಸಿದ್ದು ಉಳಿಯುತ್ತದೆ. ಕೈಯಿಂದ ಕೈಗೆ ಸಾಗಿಬಂದ ವಿದ್ಯೆಯಾದರೋ, ಆ ಕೈಗಳು ಕೆಲಸ ನಿಲ್ಲಿಸಿದೊಡನೆ ಮರೆಯಾಗತೊಡಗುತ್ತದೆ. ಬೆಂಗಳೂರಿನ ದಕ್ಷಿಣಕ್ಕಿರುವ ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಗಳಲ್ಲಿ ಹಲವು ನೂರು ವರ್ಷಗಳ ಹಿಂದಿನ ತಮಿಳು ಶಾಸನಗಳನ್ನು ಇಂದಿಗೂ ನೋಡಬಹುದು. ಅಂದಿನವರು ಭೂಮಿಯನ್ನು ದೇವರಿಗೆ ಹೇಗೆ ಬಿಟ್ಟರೆಂಬುದನ್ನು ವಿದ್ವಾಂಸರು ಅವುಗಳಿಂದ ಓದಿ ಹೇಳುತ್ತಾರೆ. ಆದರೆ ಅದೇ ಮಡಿವಾಳದ ಆಸುಪಾಸಿನ ಬೀದಿಗಳಲ್ಲಿ, ಕೇವಲ ಮೂವತ್ತು ನಲವತ್ತು ವರ್ಷಗಳ ಹಿಂದೆ, ಗೃಹಸ್ಥನೊಬ್ಬನು ಮಾಗಿಯ ಮುಂಜಾವದಲ್ಲಿ ತನ್ನ ಮೋಟಾರು ಸೈಕಲನ್ನು ಹೇಗೆ ಚಾಲನೆಗೆ ತರುತ್ತಿದ್ದನೆಂಬುದನ್ನು ವಿವರವಾಗಿ ತಿಳಿಸುವ ಕನ್ನಡ ಬರಹ ಅಪರೂಪ.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳ ಇಂಗ್ಲಿಷ್ ಆದ್ಯಕ್ಷರಗಳನ್ನು ಕೂಡಿಸಿ ಬಿಟಿಎಂ ಲೇಔಟ್ ಎಂಬ ನಾಮವು ಹುಟ್ಟಿತು. ಗದ್ದೆ ತೋಟಗಳ ಪ್ರದೇಶವು ಬಡಾವಣೆಯಾಗಿ, ನಿವೇಶನಗಳ ಮೇಲೆ ಮನೆಗಳೆದ್ದ ಕಾಲವೂ, ಮಧ್ಯಮ ವರ್ಗದ ಕನ್ನಡಿಗನ ಮನೆಯ ಮುಂದೆ ಸೈಕಲ್ಲಿನ ಸ್ಥಾನವನ್ನು ಮೋಟಾರು ಸೈಕಲ್ಲು ಆಕ್ರಮಿಸಿದ ಕಾಲವೂ ಬಹುಮಟ್ಟಿಗೆ ಒಂದೇ. ಆ ವಾಹನಗಳೆಲ್ಲವೂ ಕಾರ್ಬುರೇಟರೆಂಬ ಉಪಕರಣದ ಮೂಲಕ ಉಸಿರಾಡುತ್ತಿದ್ದವು. ೨೦೨೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಹೊಗೆ ನಿಯಮಗಳ ಫಲವಾಗಿ ಹೊಸ ವಾಹನಗಳಲ್ಲಿ ಆ ಉಪಕರಣವು ಬಹುತೇಕ ಇಲ್ಲದಂತಾಯಿತು. ಅದರೊಡನೆ, ಚಳಿಯಲ್ಲಿ ಅದನ್ನು ಎಚ್ಚರಿಸುವ ವಿದ್ಯೆಯೂ ನಿತ್ಯಜೀವನದಿಂದ ಹಿಂದೆ ಸರಿಯುತ್ತಿದೆ. ಆ ವಿದ್ಯೆ ಯಾವುದು, ಅದು ಈ ನಾಡಿಗೆ ಯಾವ ದಾರಿಯಿಂದ ಬಂದಿತು, ಅದರ ಗುಣದೋಷಗಳೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಪ್ರಕೃತಿಯ ನಿಯಮವನ್ನು ತಿಳಿಯಬೇಕು. ದ್ರವರೂಪದ ಪೆಟ್ರೋಲು ಯಂತ್ರದೊಳಗೆ ಸರಿಯಾಗಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿ ಸೇರಿದರೆ ದಹನವು ಪೂರ್ಣವಾಗುತ್ತದೆ. ಈ ಮಿಶ್ರಣವನ್ನು ಸಿದ್ಧಪಡಿಸುವುದೇ ಕಾರ್ಬುರೇಟರಿನ ಕಾರ್ಯ. ಯಂತ್ರವು ಒಳಕ್ಕೆಳೆದುಕೊಳ್ಳುವ ಗಾಳಿಯು ಇಕ್ಕಟ್ಟಾದ ಕೊರಳಿನಲ್ಲಿ ವೇಗವಾಗಿ ಸಾಗುವಾಗ ಅಲ್ಲಿ ಒತ್ತಡವು ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದ ಮೂಲಕ ಮೇಲೇರಿ ತುಂತುರಾಗಿ ಚಿಮ್ಮುತ್ತದೆ. ಜರ್ಮನಿಯಲ್ಲಿ ಡೈಮ್ಲರ್ ಮತ್ತು ಮೇಬಾಕ್ ಎಂಬಿಬ್ಬರು ೧೮೮೫ರಲ್ಲಿ ಮರದ ಚೌಕಟ್ಟಿನ ಮೊದಲ ಪೆಟ್ರೋಲು ದ್ವಿಚಕ್ರವನ್ನು ನಿರ್ಮಿಸಿದರು. ಅವರಲ್ಲಿ ಮೇಬಾಕನು ೧೮೯೩ರ ಹೊತ್ತಿಗೆ ಹೀಗೆ ತುಂತುರು ಚಿಮ್ಮುವ ಕಾರ್ಬುರೇಟರನ್ನು ರೂಪಿಸಿದನು. ಮುಂದೆ ನೂರಕ್ಕೂ ಹೆಚ್ಚು ವರ್ಷ ಅದರ ತತ್ತ್ವವು ಬದಲಾಗಲಿಲ್ಲ.

ಪೆಟ್ರೋಲು ಒಂದೇ ವಸ್ತುವಲ್ಲ. ಸುಮಾರು ೩೫ ಡಿಗ್ರಿಯಲ್ಲಿ ಕುದಿಯುವ ಲಘು ಅಂಶಗಳಿಂದ ಹಿಡಿದು ೨೦೦ ಡಿಗ್ರಿಯ ಹತ್ತಿರ ಕುದಿಯುವ ಭಾರದ ಅಂಶಗಳವರೆಗೆ ಹಲವು ದ್ರವಗಳ ಕೂಟವದು. ಯಂತ್ರವು ಬಿಸಿಯಾಗಿರುವಾಗ ಎಲ್ಲವೂ ಆವಿಯಾಗುತ್ತವೆ. ತಣ್ಣಗಿರುವಾಗ ಲಘು ಅಂಶಗಳು ಮಾತ್ರ ಆವಿಯಾಗಿ, ಉಳಿದವು ಹನಿಗಳಾಗಿ ಲೋಹದ ಗೋಡೆಗೆ ಅಂಟಿಕೊಳ್ಳುತ್ತವೆ. ಮೇಲಾಗಿ, ಆವಿಯಾಗುವ ಕ್ರಿಯೆಯೇ ಸುತ್ತಲಿನ ಶಾಖವನ್ನು ಹೀರಿ ಕಾರ್ಬುರೇಟರಿನ ಕೊರಳನ್ನು ಮತ್ತಷ್ಟು ತಂಪಾಗಿಸುತ್ತದೆ. ಆದಕಾರಣ, ಬಟ್ಟಲಿನಿಂದ ಸಾಕಷ್ಟು ಪೆಟ್ರೋಲು ಹೊರಟರೂ ಕಿಡಿಯ ಬಳಿಗೆ ತಲಪುವ ಆವಿಯು ಸಾಲದೆ ಹೋಗುತ್ತದೆ. ಇದಕ್ಕಿರುವ ಉಪಾಯ ಒಂದೇ: ವಾಡಿಕೆಗಿಂತ ಎಷ್ಟೋ ಹೆಚ್ಚು ಪೆಟ್ರೋಲನ್ನು ಒದಗಿಸಿ, ಅದರಲ್ಲಿ ಆವಿಯಾದಷ್ಟರಿಂದ ಕೆಲಸವನ್ನು ಸಾಗಿಸುವುದು. ಅಷ್ಟರ ಮೇಲೆ, ಚಳಿಯಲ್ಲಿ ಎಂಜಿನ್ ಎಣ್ಣೆಯು ಗಟ್ಟಿಯಾಗಿ ಒದೆಯುವ ಕಾಲಿಗೆ ಭಾರವಾಗುತ್ತದೆ. ಬ್ಯಾಟರಿಯ ಶಕ್ತಿಯು ಕುಂದುತ್ತದೆ. ಇಬ್ಬನಿಯ ತೇವವು ಪ್ಲಗ್ಗಿನ ತಂತಿಯ ಮೇಲೆ ಕುಳಿತು ಕಿಡಿಯನ್ನು ದಾರಿತಪ್ಪಿಸುತ್ತದೆ.

ಬೆಂಗಳೂರಿನ ಚಳಿಯೂ ಒಂದು ಚಳಿಯೆ ಎಂದು ಉತ್ತರದೇಶದವರು ನಗಬಹುದು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವು ೧೮೮೪ನೆಯ ಜನವರಿ ೧೩ರಂದು ಕಂಡುಬಂದ ೭.೮ ಡಿಗ್ರಿ. ಸಾಮಾನ್ಯವಾದ ಜನವರಿಯ ಮುಂಜಾವದಲ್ಲಿ ಸುಮಾರು ೧೫ ಡಿಗ್ರಿಯಿರುತ್ತದೆ. ನೀರು ಹೆಪ್ಪುಗಟ್ಟುವ ದೇಶಗಳ ಮುಂದೆ ಇದು ಗಣನೆಗೆ ಬಾರದು. ಆದರೆ ಕಾರ್ಬುರೇಟರಿಗೆ ಈ ಇಳಿತವೂ ತಿಳಿಯುತ್ತದೆ. ಹಿಂದಿನ ದಿನ ಮಧ್ಯಾಹ್ನ ಒಂದೇ ಒದೆತಕ್ಕೆ ಎದ್ದ ವಾಹನವು ಬೆಳಗಿನ ಜಾವ ಹತ್ತು ಒದೆತಕ್ಕೂ ಮಿಸುಕದಿರುವುದುಂಟು. ಕಡಲೆಕಾಯಿ ಪರಿಷೆಯ ಕಾಲಕ್ಕೆ ಮೊದಲಾಗುವ ಈ ತೊಂದರೆಯು, ಗಾದೆಯ ಮಾತಿನಂತೆ ಚಳಿಯು ಶಿವಶಿವಾ ಎಂದು ಹೊರಡುವ ಶಿವರಾತ್ರಿಯವರೆಗೂ ಇರುತ್ತಿತ್ತು. ಮಡಿವಾಳದ ಕೆರೆಯ ಕಡೆಯಿಂದ ಮಂಜು ಕವಿಯುವ ದಿನಗಳಲ್ಲಿ ತೇವದ ಬಾಧೆಯೂ ಜೊತೆಗೂಡುತ್ತಿತ್ತು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯು ಮದರಾಸಿನ ಗಾಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಜೆಟ್ಟಿನ ರಂಧ್ರವು ಬದಲಾಗದಿರುವಾಗ ತೆಳುವಾದ ಗಾಳಿಗೆ ಪೆಟ್ರೋಲು ತುಸು ಹೆಚ್ಚಾಗಿಯೇ ಬೆರೆಯುತ್ತದೆ. ಅಂದಮೇಲೆ, ಇಲ್ಲಿಯ ಚಳಿಗೆ ಹೆಚ್ಚುವರಿ ಪೆಟ್ರೋಲು ಬೇಕು ನಿಜ. ಅದು ಅತಿಯಾಗಲೂ ಬಾರದು. ಸಾಲದೆ ಹೋಗುವುದಕ್ಕೂ ಮಿತಿಮೀರುವುದಕ್ಕೂ ನಡುವಿನ ಅಂತರವು ಕಿರಿದು. ಅದನ್ನು ಅರಿತು ನಡೆಯುವುದೇ ಈ ಊರಿನ ಸವಾರನ ವಿದ್ಯೆಯಾಗಿತ್ತು.

೩

ಈ ವಿದ್ಯೆಯು ದಕ್ಷಿಣ ಬೆಂಗಳೂರಿಗೆ ಒಂದೇ ದಾರಿಯಿಂದ ಬಂದುದಲ್ಲ. ಮೈಸೂರು, ಮದರಾಸು, ಹೊಸೂರು ಎಂಬ ಮೂರು ಊರುಗಳ ಕಾರ್ಖಾನೆಗಳು ಮೂರು ಬಗೆಯ ಯಂತ್ರಗಳನ್ನು ಕಳುಹಿಸಿದವು. ಪ್ರತಿಯೊಂದಕ್ಕೂ ಅದರದೇ ಆದ ಕ್ರಮವಿತ್ತು.

ಮೊದಲನೆಯದು ಮೈಸೂರು. ೧೯೬೦ರಲ್ಲಿ ಇರಾನಿ ಮನೆತನದವರು ಅಲ್ಲಿಯ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಕಾರ್ಖಾನೆಯನ್ನು ಉದ್ಘಾಟಿಸಿದರು. ಜೆಕ್ ದೇಶದಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ೧೯೨೯ರಲ್ಲಿ ಆರಂಭಿಸಿದ ಜಾವಾ ಮೋಟಾರು ಸೈಕಲ್ಲು ಹೀಗೆ ಕನ್ನಡನಾಡಿನಲ್ಲಿ ತಯಾರಾಗತೊಡಗಿತು. ೧೯೭೦ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚುವವರೆಗೂ ಅದು ಮೈಸೂರಿನ ಹೆಮ್ಮೆಯ ವಸ್ತುಗಳಲ್ಲಿ ಒಂದಾಗಿತ್ತು. ಹಿಮ ಬೀಳುವ ನಾಡಿನಲ್ಲಿ ರೂಪುಗೊಂಡ ಆ ಯಂತ್ರದಲ್ಲಿ ಚಳಿಗೆ ತಕ್ಕ ಏರ್ಪಾಡು ಬಹು ಸರಳವಾಗಿತ್ತು. ಕಾರ್ಬುರೇಟರಿನ ಮೇಲೆ ಟಿಕ್ಲರ್ ಎಂಬ ಪುಟ್ಟ ಗುಂಡಿ. ಅದನ್ನು ಒತ್ತಿದರೆ ಬಟ್ಟಲಿನೊಳಗೆ ತೇಲುವ ಫ್ಲೋಟು ಕೆಳಗಿಳಿದು, ಪೆಟ್ರೋಲು ಮಟ್ಟ ಮೀರಿ ಏರಿ, ಕೊರಳಿಗೆ ನೇರವಾಗಿ ಸೇರುತ್ತಿತ್ತು. ಬೆರಳಿಗೆ ಪೆಟ್ರೋಲಿನ ತಂಪು ತಗಲಿದೊಡನೆ ನಿಲ್ಲಿಸಬೇಕು. ಬಳಿಕ ಆಕ್ಸಿಲರೇಟರನ್ನು ತುಸುವೇ ತಿರುಗಿಸಿ ಒದೆಯಬೇಕು. ಒದೆಯುವ ಸನ್ನೆಯೇ ಮುಂದಕ್ಕೆ ಮಡಿಚಿದಾಗ ಗೇರು ಬದಲಿಸುವ ಸನ್ನೆಯೂ ಆಗುತ್ತಿದ್ದುದು ಜಾವಾದ ವಿಶೇಷ.

ಜಾವಾ ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್, ಯಂತ್ರ. ಇಂಥ ಯಂತ್ರದಲ್ಲಿ ಮಿಶ್ರಣವು ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಯನ್ನು ಹೊಕ್ಕು ಅನಂತರ ಮೇಲೇರುತ್ತದೆ. ಮಿತಿ ಮೀರಿ ಗುಂಡಿಯನ್ನೊತ್ತಿದರೆ ಪೆಟ್ರೋಲು ಆ ತಣ್ಣನೆಯ ಕೋಣೆಯಲ್ಲಿ ಮಡುಗಟ್ಟುತ್ತದೆ. ಪ್ಲಗ್ಗು ತೊಯ್ದು ಕಿಡಿಯೇ ಹಾರದಂತಾಗುತ್ತದೆ. ಇದಕ್ಕೆ ಜನರ ಮಾತಿನಲ್ಲಿ ಓವರ್‌ಫ್ಲೋ ಎಂದು ಹೆಸರು. ಆಗ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಪ್ಲಗ್ಗನ್ನು ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತೆರೆದು ಹತ್ತಾರು ಸಲ ಒದ್ದು ಒಳಗಿನ ಪೆಟ್ರೋಲನ್ನು ಹೊರಗಟ್ಟಬೇಕಾಗುತ್ತಿತ್ತು. ಅಷ್ಟರಲ್ಲಿ ಬಿಚ್ಚಿದ ಪ್ಲಗ್ಗನ್ನು ಒರೆಸಿ, ಉಪ್ಪುಕಾಗದದಿಂದ ಮಸಿಯನ್ನುಜ್ಜಿ ಒಣಗಿಸುತ್ತಿದ್ದರು. ಅದನ್ನು ಅಡಿಗೆಮನೆಯ ಒಲೆಯ ಉರಿಯಲ್ಲಿ ಬಿಸಿಮಾಡುವ ಪದ್ಧತಿಯೂ ಅನೇಕ ಮನೆಗಳಲ್ಲಿತ್ತು.

ಎರಡನೆಯದು ಮದರಾಸು. ೧೯೫೫ರಲ್ಲಿ ಅಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯಿಂದ ಬಂದ ಬುಲೆಟ್ಟು ನಾಲ್ಕು ಹೊಡೆತದ, ಒಂಟಿ ಸಿಲಿಂಡರಿನ ಭಾರಿ ಯಂತ್ರ. ಇದಕ್ಕೆ ಕಾಲಿನ ಬಲಕ್ಕಿಂತ ಕ್ರಮವೇ ಮುಖ್ಯ. ಡಿಕಂಪ್ರೆಸರ್ ಸನ್ನೆಯನ್ನು ಹಿಡಿದರೆ ಸಿಲಿಂಡರಿನಲ್ಲಿ ಸಿಕ್ಕಿದ ಗಾಳಿಗೆ ಹೊರದಾರಿಯಾಗುತ್ತದೆ. ಆಗ ಕಿಕ್ಕರನ್ನು ಮೆಲ್ಲನೆ ಅದುಮುತ್ತ, ಆಮ್ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಪಿಸ್ಟನ್ನನ್ನು ಸರಿಸಿ, ಸನ್ನೆಯನ್ನು ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಗೊಟ್ಟು, ಆಮೇಲೆ ಒಂದೇ ತೂಕದಲ್ಲಿ ಕೊನೆಯವರೆಗೂ ಒದೆಯಬೇಕು. ಕ್ರಮ ತಪ್ಪಿದರೆ ಯಂತ್ರವು ಹಿಮ್ಮುಖವಾಗಿ ಒದೆದು ಸವಾರನ ಹರಡಿಗೆ ಪೆಟ್ಟಾಗುತ್ತಿತ್ತು. ಚಳಿಯಲ್ಲಿ ಮೊದಲು ಕೀಲಿಯನ್ನು ತಿರುಗಿಸದೆಯೇ ಮೂರು ನಾಲ್ಕು ಸಲ ಮೆಲ್ಲನೆ ತುಳಿದು, ಗಟ್ಟಿಯಾದ ಎಣ್ಣೆಯನ್ನು ಸಡಿಲಿಸಿ, ಸಿಲಿಂಡರಿಗೆ ಮಿಶ್ರಣವನ್ನೆಳೆದುಕೊಳ್ಳುವುದು ಅನುಭವಿಗಳ ಪದ್ಧತಿ.

ಮೂರನೆಯದು ಹೊಸೂರು. ಮಡಿವಾಳವನ್ನು ಹಾದುಹೋಗುವ ಹೆದ್ದಾರಿಯಲ್ಲಿಯೇ ಮುಂದುವರಿದು ರಾಜ್ಯದ ಗಡಿಯನ್ನು ದಾಟಿದರೆ ಸಿಕ್ಕುವ ಊರದು. ೧೯೮೪ರಲ್ಲಿ ಅಲ್ಲಿಂದ ಟಿವಿಎಸ್ ಸಂಸ್ಥೆಯ ಇಂಡ್-ಸುಜುಕಿ ಹೊರಬಂದಿತು. ಮರುವರ್ಷ, ಉತ್ತರದ ಕಾರ್ಖಾನೆಗಳಿಂದ ಯಮಹಾ ಆರ್‌ಎಕ್ಸ್ ೧೦೦, ಹೀರೋ ಹೋಂಡಾ ಸಿಡಿ ೧೦೦ ಎಂಬಿವು ಬಂದವು. ಹಗುರವಾದ, ಸುಲಭವಾಗಿ ಏಳುವ ಈ ಜಪಾನೀ ಮಾದರಿಗಳಲ್ಲಿ ಚೋಕ್ ಎಂಬ ಸನ್ನೆಯು ಮನೆಮಾತಾಯಿತು.

ಆ ಒಂದೇ ಹೆಸರಿನ ಹಿಂದೆ ಎರಡು ಬೇರೆ ತಂತ್ರಗಳಿದ್ದವೆಂಬುದು ಅನೇಕ ಸವಾರರಿಗೆ ತಿಳಿದಿರಲಿಲ್ಲ. ಕೆಲವು ಕಾರ್ಬುರೇಟರುಗಳಲ್ಲಿ ಚೋಕ್ ಎಂದರೆ ಗಾಳಿಯ ದಾರಿಯನ್ನೇ ಅಡ್ಡಗಟ್ಟುವ ತಗಡು. ಗಾಳಿಯು ಕಡಿಮೆಯಾದಾಗ ಎಳೆತವು ಬಲಗೊಂಡು ಪೆಟ್ರೋಲು ಹೆಚ್ಚಾಗಿ ಬರುತ್ತದೆ. ಮಿಕುನಿ ಮಾದರಿಯ ಅನೇಕ ಕಾರ್ಬುರೇಟರುಗಳಲ್ಲಿಯಾದರೋ ಗಾಳಿಗೆ ಅಡ್ಡಿಯೇ ಇಲ್ಲ. ಪುಟ್ಟ ಕೊಂತವೊಂದು ಮೇಲೆದ್ದು, ಪೆಟ್ರೋಲಿಗೆ ಪ್ರತ್ಯೇಕವಾದ ಒಳದಾರಿಯನ್ನು ತೆರೆಯುತ್ತದೆ. ಆಕ್ಸಿಲರೇಟರು ಮುಚ್ಚಿದ್ದು ಒಳಗಿನ ಎಳೆತವು ಪ್ರಬಲವಾಗಿದ್ದರೆ ಮಾತ್ರ ಈ ಒಳದಾರಿ ಕೆಲಸಮಾಡುತ್ತದೆ. ಅವಸರದಿಂದ ಆಕ್ಸಿಲರೇಟರನ್ನು ತಿರುವುತ್ತ ಒದೆಯುವವನು ಎಳೆತವನ್ನು ತಾನೇ ಕುಂದಿಸಿ, ಚೋಕಿನ ಪ್ರಯೋಜನವನ್ನು ಕಳೆದುಕೊಳ್ಳುತ್ತಾನೆ. ಹೀಗೆ, ಜಾವಾದಲ್ಲಿ ತುಸು ತಿರುಗಿಸಿ ಅಭ್ಯಾಸವಾದ ಕೈ ಇಂಥ ವಾಹನಕ್ಕೆ ಬಂದಾಗ ಮೋಸಹೋಗುತ್ತಿತ್ತು. ಮಗನ ಹೊಸ ವಾಹನವು ತಂದೆಯ ಮಾತನ್ನು ಕೇಳದಿದ್ದುದಕ್ಕೆ ಕಾರಣವು ಎಷ್ಟೋ ಮನೆಗಳಲ್ಲಿ ಇಷ್ಟೇ ಆಗಿದ್ದಿರಬೇಕು.

೪

ಈ ಮೂರು ಬಗೆಯ ಯಂತ್ರಗಳಿಗೂ ಸಮಾನವಾದ ಅಗತ್ಯವೊಂದಿತ್ತು, ಅದೇ ಕಿಡಿ. ಅದನ್ನು ಒದಗಿಸಿದ ಊರು ಬಿಟಿಎಂ ಲೇಔಟಿಗೆ ಕೂಗಳತೆಯಲ್ಲಿರುವ ಆಡುಗೋಡಿ. ಹೆಚ್ಚು ಒತ್ತಡದ ಮ್ಯಾಗ್ನೆಟೋ ಮತ್ತು ಪ್ಲಗ್ಗುಗಳನ್ನು ೧೯೦೨ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಬಳಕೆಗೆ ತಂದಿತು. ಆ ಸಂಸ್ಥೆಯ ಸಂಬಂಧದಿಂದ ೧೯೫೧ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿ ದೇಶಕ್ಕೆಲ್ಲ ಹಂಚಿತು. ಮೈಕೊ ಪ್ಲಗ್ಗನ್ನು ಅರಿಯದ ಗ್ಯಾರೇಜು ಆ ಕಾಲದಲ್ಲಿರಲಿಲ್ಲ. ಬಿಟಿಎಂ ಎರಡನೆಯ ಹಂತದಲ್ಲಿರುವ ಮೈಕೊ ಲೇಔಟ್ ಎಂಬ ಹೆಸರು ಇಂದಿಗೂ ಆ ಕಾರ್ಖಾನೆಯನ್ನು ನೆನಪಿಗೆ ತರುತ್ತದೆ.

ಕಾರ್ಖಾನೆಗಳ ಈ ನಗರದಲ್ಲಿ ಮುಂಜಾವದ ಒದೆತವು ವಿನೋದದ ವಿಷಯವಾಗಿರಲಿಲ್ಲ. ಮೊದಲನೆಯ ಪಾಳಿಯ ಕೆಲಸಗಾರನು ಸೂರ್ಯೋದಯಕ್ಕೆ ಮೊದಲೇ ಮನೆಯನ್ನು ಬಿಡಬೇಕು. ದಿನದಲ್ಲಿ ಅತ್ಯಂತ ತಂಪಾದ ಗಳಿಗೆಯೂ ಅದೇ. ವಾಹನವು ಏಳದಿದ್ದರೆ ಬಸ್ಸು ತಪ್ಪಿರುತ್ತದೆ. ತಡವಾದರೆ ಸಂಬಳಕ್ಕೆ ಕತ್ತರಿ ಬೀಳಬಹುದು. ಆದ್ದರಿಂದ ಮನೆಯವರೆಲ್ಲರ ಕಿವಿಯೂ ಹೊರಗಿನ ಸದ್ದಿನ ಕಡೆಗಿರುತ್ತಿತ್ತು. ಒದೆತದ ಬಳಿಕ ಬರುವ ಬರಿಯ ಉಸಿರಿನ ಸದ್ದು ಪೆಟ್ರೋಲು ಸಾಲದುದನ್ನು ಸೂಚಿಸುತ್ತದೆ. ಒಮ್ಮೆ ಕೆಮ್ಮಿ ನಿಂತರೆ ಗುರಿ ಹತ್ತಿರವಾಗಿದೆ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆದರೆ ಮಿತಿ ಮೀರಿದೆ, ಚೋಕನ್ನು ತೆಗೆದು ಕಾಯಬೇಕು. ಇಷ್ಟಕ್ಕೂ ಆಗದಿದ್ದಲ್ಲಿ ಎರಡನೆಯ ಗೇರಿಗೆ ಹಾಕಿ, ಕ್ಲಚ್ಚು ಹಿಡಿದು, ಇಳಿಜಾರಿನಲ್ಲಿ ತಳ್ಳಿಸಿಕೊಂಡು ಕ್ಲಚ್ಚು ಬಿಡುವುದು ಕೊನೆಯ ಉಪಾಯ. ತಳ್ಳುವುದಕ್ಕೆ ನೆರೆಮನೆಯವರು ಬರುತ್ತಿದ್ದರು. ಎದ್ದ ಮೇಲೂ ಒಡನೆ ಹೊರಡುವಂತಿಲ್ಲ. ಒಂದೆರಡು ನಿಮಿಷ ಬೆಚ್ಚಗಾಗಲು ಬಿಟ್ಟು, ಸದ್ದು ಭಾರವಾಗಿ ಎಡವುವಂತಾದಾಗ ಚೋಕನ್ನು ಮೆಲ್ಲನೆ ಹಿಂದಕ್ಕೆ ತರಬೇಕು. ಮರೆತು ಹಾಗೆಯೇ ಓಡಿಸಿದರೆ ಪೆಟ್ರೋಲು ವ್ಯರ್ಥ. ಪ್ಲಗ್ಗಿನ ಮೇಲೆ ಮಸಿ. ಮರುದಿನದ ಬೆಳಗ್ಗೆ ಮತ್ತೆ ಅದೇ ಪಾಡು.

ಕಂಪನಿಗಳು ಕೊಟ್ಟ ಕೈಪಿಡಿಗಳು ಸಾಮಾನ್ಯ ಕ್ರಮವನ್ನು ಹೇಳುತ್ತಿದ್ದವೇ ಹೊರತು, ಈ ಒಂದು ವಾಹನದ ಸ್ವಭಾವವನ್ನು ಹೇಳುತ್ತಿರಲಿಲ್ಲ. ಅದನ್ನು ತಿಳಿದವರು ಇಬ್ಬರೇ: ವಾಹನದ ಒಡೆಯ ಹಾಗೂ ಬೀದಿಯ ತುದಿಯ ಮೆಕ್ಯಾನಿಕ್. ಚಳಿಗಾಲ ಬಂದಾಗ ಸ್ಲೋ ಜೆಟ್ಟನ್ನು ಬಿಚ್ಚಿ ಊದಿ, ಗಾಳಿಯ ತಿರುಪನ್ನು ಕಾಲುಸುತ್ತು ಒಳಕ್ಕೆ ತಿರುಗಿಸಿ, ಯಂತ್ರದ ಸದ್ದನ್ನು ಕೇಳಿ ತಲೆದೂಗುವ ಮೆಕ್ಯಾನಿಕ್ಕನು ಶಾಲೆಯಲ್ಲಿ ದಹನಶಾಸ್ತ್ರವನ್ನು ಓದಿದವನಲ್ಲ. ಆದರೂ ಅವನು ಮಾಡುತ್ತಿದ್ದುದು ಮಿಶ್ರಣದ ಪ್ರಮಾಣವನ್ನು ಋತುವಿಗೆ ತಕ್ಕಂತೆ ತಿದ್ದುವ ಶಾಸ್ತ್ರೀಯ ಕಾರ್ಯವೇ.

೫

ಇಂಥ ವಿದ್ಯೆಗೆ ಬೆಲೆ ತೆರಬೇಕಾಗಿತ್ತೆಂಬುದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಹೆಚ್ಚಾಗಿ ಸುರಿದ ಪೆಟ್ರೋಲು ಪೂರ್ತಿ ಉರಿಯದೆ ವಿಷಾನಿಲವಾಗಿ ಬೀದಿಯನ್ನು ಸೇರುತ್ತಿತ್ತು. ಟೂ ಸ್ಟ್ರೋಕ್ ವಾಹನಗಳ ನೀಲಿ ಹೊಗೆಯು ಚಳಿಗಾಲದ ನಿಂತ ಗಾಳಿಯಲ್ಲಿ ಕರಗದೆ ತೂಗುತ್ತಿತ್ತು. ಶಾಲೆಗೆ ಹೊರಟ ಮಕ್ಕಳೂ ಮುಂಜಾವದ ನಡಿಗೆಯ ವೃದ್ಧರೂ ಅದನ್ನೇ ಉಸಿರಾಡಿದರು. ಕಾಲಿನಲ್ಲಿ ಬಲವಿಲ್ಲದವರಿಗೆ ಕಿಕ್ಕರಿನ ವಾಹನವು ಎಟುಕದ ವಸ್ತುವಾಗಿತ್ತು. ಈ ಕಾರಣಗಳಿಂದ ಕಾರ್ಬುರೇಟರಿನ ಅವಸಾನವು ಅನಿವಾರ್ಯವಾಯಿತು, ಹಿತಕರವೂ ಆಯಿತು.

ಅದು ಒಂದೇ ದಿನದಲ್ಲಿ ಆದುದಲ್ಲ. ಮೊದಲು ಗುಂಡಿಯೊತ್ತಿ ಚಾಲನೆ ಮಾಡುವ ಸೆಲ್ಫ್ ಸ್ಟಾರ್ಟು ಬಂದು ಕಾಲಿನ ಶ್ರಮವನ್ನು ತಪ್ಪಿಸಿತು. ಆದರೆ ಚೋಕು ಉಳಿಯಿತು. ೨೦೦೬ರಲ್ಲಿ ಹೀರೋ ಹೋಂಡಾ ಕಂಪನಿಯು ಗ್ಲಾಮರ್ ಎಂಬ ವಾಹನದಲ್ಲಿ ಕಾರ್ಬುರೇಟರಿನ ಬದಲಾಗಿ ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರನ್ನು ಅಳವಡಿಸಿತು. ಬೆಲೆಯು ಹೆಚ್ಚಾದುದರಿಂದ ಜನರು ಕೂಡಲೆ ಒಲಿಯಲಿಲ್ಲ. ೨೦೧೭ರಲ್ಲಿ ಭಾರತ್ ಸ್ಟೇಜ್ ನಾಲ್ಕು, ೨೦೨೦ರಲ್ಲಿ ಭಾರತ್ ಸ್ಟೇಜ್ ಆರು ಎಂಬ ನಿಯಮಗಳು ಬಂದಮೇಲೆ ಬೇರೆ ದಾರಿಯುಳಿಯಲಿಲ್ಲ. ಈಗಿನ ವಾಹನದಲ್ಲಿ ಯಂತ್ರದ ಉಷ್ಣಾಂಶವನ್ನೂ ಒಳಬರುವ ಗಾಳಿಯ ಸ್ಥಿತಿಯನ್ನೂ ಅಳೆಯುವ ಸೂಕ್ಷ್ಮೋಪಕರಣಗಳಿವೆ. ಅಂಗೈಯಗಲದ ಗಣಕವೊಂದು ಪೆಟ್ರೋಲು ಎಷ್ಟು ಬೇಕೆಂಬುದನ್ನು ಪ್ರತಿ ಸುತ್ತಿಗೂ ನಿರ್ಣಯಿಸುತ್ತದೆ. ಚಳಿಯಿದ್ದರೆ ಹೆಚ್ಚು, ಬೆಚ್ಚಗಾದಂತೆ ಕಡಿಮೆ, ಎತ್ತರದ ಊರಿಗೆ ತಕ್ಕ ತಿದ್ದುಪಡಿ. ಬೆರಳು, ಕಿವಿ, ಮೂಗುಗಳು ಮಾಡುತ್ತಿದ್ದ ಕಾರ್ಯವೇ ಇದು. ಇಂಥ ವಿದ್ಯುನ್ನಿಯಂತ್ರಿತ ಇಂಜೆಕ್ಷನನ್ನು ೧೯೬೭ರಲ್ಲಿಯೇ ಮೋಟಾರು ಕಾರುಗಳಲ್ಲಿ ಬಳಕೆಗೆ ತಂದ ಸಂಸ್ಥೆಯು ಬಾಷ್ ಎಂಬುದೂ, ಆಡುಗೋಡಿಯ ಮೈಕೊ ೨೦೦೮ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡುದೂ ಇಲ್ಲಿ ಸ್ಮರಣೀಯ. ಕಾರ್ಬುರೇಟರಿನ ವಾಹನಕ್ಕೆ ಕಿಡಿಯನ್ನು ಕೊಟ್ಟ ಮನೆತನದಿಂದಲೇ ಅದನ್ನು ಹಿಂದಿಕ್ಕಿದ ತಂತ್ರಕ್ಕೂ ಬೆಂಬಲ ದೊರೆಯಿತು.

೬

ಹಾಗಾದರೆ ಕಳೆದುಹೋದುದೇನು? ಯಂತ್ರವು ಉತ್ತಮವಾಯಿತು, ಗಾಳಿಗೆ ಅದರಿಂದ ಉಪಕಾರವಾಯಿತು. ಆದರೆ ಯಂತ್ರದ ಒಡೆಯನಿಗೂ ಯಂತ್ರಕ್ಕೂ ನಡುವೆ ಇದ್ದ ಪರಿಚಯವು ಕಡಿಮೆಯಾಯಿತು. ಏಳದ ಜಾವಾವನ್ನು ಒಂದು ಪ್ಲಗ್ ಸ್ಪ್ಯಾನರು, ಒಂದು ತಿರುಪುಳಿ, ಸ್ವಲ್ಪ ತಾಳ್ಮೆ ಇವುಗಳಿಂದ ಗೃಹಸ್ಥನೇ ಎಬ್ಬಿಸಬಲ್ಲವನಾಗಿದ್ದನು. ಏಳದ ಇಂಜೆಕ್ಷನ್ ವಾಹನದ ಮುಂದೆ ಅವನೂ ಬೀದಿಯ ಮೆಕ್ಯಾನಿಕ್ಕನೂ ಸಮಾನವಾಗಿ ಅಸಹಾಯರು. ದೋಷವನ್ನು ಓದುವ ಉಪಕರಣವಿರುವ ಸರ್ವೀಸ್ ಸ್ಟೇಷನ್ನಿಗೆ ಅದನ್ನು ಸಾಗಿಸಬೇಕು. ಬೀದಿಯ ತುದಿಯ ಗ್ಯಾರೇಜುಗಳ ಜೀವನೋಪಾಯಕ್ಕೂ ಇದರಿಂದ ಧಕ್ಕೆಯುಂಟಾಗಿದೆ.

ಹಳೆಯ ವಾಹನಗಳು ಇನ್ನೂ ಅಳಿದಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿಗಳ ಅಭಿಮಾನಿಗಳು ಬೆಂಗಳೂರು ಮೈಸೂರುಗಳಲ್ಲಿ ಕಲೆತು ತಮ್ಮ ವಾಹನಗಳನ್ನು ಹೊರತರುವ ರೂಢಿಯಿದೆ. ಆದರೆ ಅವುಗಳಿಗೆ ಹೊಸ ಪರೀಕ್ಷೆಯೊಂದು ಎದುರಾಗಿದೆ. ೨೦೨೫ರ ವೇಳೆಗೆ ದೇಶದ ಪೆಟ್ರೋಲಿಗೆ ನೂರಕ್ಕೆ ೨೦ರಷ್ಟು ಎಥೆನಾಲ್ ಬೆರೆಯತೊಡಗಿತು. ಪೆಟ್ರೋಲಿನಲ್ಲಿ ಸುಲಭವಾಗಿ ಹಾರುವ ಲಘು ಅಂಶಗಳಿದ್ದರೆ, ಎಥೆನಾಲ್ ಕುದಿಯುವುದು ೭೮ ಡಿಗ್ರಿಯಲ್ಲಿ. ಆವಿಯಾಗಲು ಪೆಟ್ರೋಲಿನ ಎರಡರಷ್ಟಕ್ಕೂ ಹೆಚ್ಚು ಶಾಖವನ್ನು ಅದು ಬೇಡುತ್ತದೆ. ಉರಿಯಲು ಅದಕ್ಕೆ ಕಡಿಮೆ ಗಾಳಿ ಸಾಕಾದ್ದರಿಂದ ಹಳೆಯ ಜೆಟ್ಟಿನ ಅಳತೆಯಲ್ಲಿ ಮಿಶ್ರಣವು ತೆಳುವಾಗುತ್ತದೆ. ಗಾಳಿಯ ತೇವವನ್ನು ಅದು ಹೀರುತ್ತದೆ. ಹಳೆಯ ರಬ್ಬರಿನ ಭಾಗಗಳನ್ನು ಕೆಡಿಸುವುದೂ ಉಂಟು. ಗಣಕವಿರುವ ವಾಹನವು ಈ ಬದಲಾವಣೆಯನ್ನು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರ್ಬುರೇಟರಿನ ವಾಹನಕ್ಕಾದರೋ ಮನುಷ್ಯನೇ ಜೆಟ್ಟಿನ ಅಳತೆಯನ್ನು ಬದಲಿಸಿ, ಚಳಿಯ ಕ್ರಮವನ್ನು ಮತ್ತೆ ಕಂಡುಕೊಳ್ಳಬೇಕು. ಈ ವಿದ್ಯೆಯು ಅತ್ಯಂತ ಅವಶ್ಯಕವಾಗಿರುವ ಸಮಯದಲ್ಲಿಯೇ ಅದನ್ನು ಬಲ್ಲವರ ಸಂಖ್ಯೆಯು ಇಳಿಮುಖವಾಗಿದೆ.

ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಸುತ್ತ ವಯಸ್ಸಾದ ಮೆಕ್ಯಾನಿಕ್ಕರು ಇನ್ನೂ ಕೆಲವರಿದ್ದಾರೆ. ಕೃಷಿ, ನೇಯ್ಗೆ, ಕಮ್ಮಾರಿಕೆಗಳ ಪದಕೋಶಗಳನ್ನು ಕನ್ನಡಿಗರು ಶ್ರಮದಿಂದ ಸಂಗ್ರಹಿಸಿದ್ದಾರೆ. ಗ್ಯಾರೇಜಿನ ಪದಗಳಿಗೂ ಅನುಭವಗಳಿಗೂ ಅಷ್ಟೇ ಗೌರವವು ಸಲ್ಲತಕ್ಕದ್ದು. ಯಾವ ಸದ್ದಿಗೆ ಯಾವ ಅರ್ಥ, ಯಾವ ತಿಂಗಳಿಗೆ ತಿರುಪಿನ ಎಷ್ಟು ಸುತ್ತು, ಯಾವ ವಾಹನಕ್ಕೆ ಚೋಕು ಎಷ್ಟು ಹೊತ್ತು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡುವುದು ಸಾಹಿತ್ಯಸಂಘಗಳಿಗೂ ಶಾಲೆಗಳಿಗೂ ಅಸಾಧ್ಯವಾದ ಕಾರ್ಯವಲ್ಲ. ಅರುವತ್ತು ವರ್ಷಗಳ ಕಾಲ ಒಂದು ನಗರದ ದುಡಿಮೆಗಾರರನ್ನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಿಸಿದ ವಿದ್ಯೆಯದು. ಬಲ್ಲವರು ಇರುವಾಗಲೇ ಈ ಕಾರ್ಯವನ್ನು ಕೈಕೊಳ್ಳುವುದು ಉಚಿತ.